ಕೊನೆಯ ಮೂರು ತುಂಡು

…ಹನ್ನೊಂದು ಕಣೇ, ಹತ್ತಲ್ಲ. ಇನ್ನೊಂದು ಸಲ ಎಣಿಸು. ಬೀರುವಿನ ಮಗ್ಗುಲಲ್ಲಿ ಒಂದು ನೇತಾಡ್ತಿದೆ ನೋಡು, ಗೋಡೆ ಸಾಲದೆ ಅಲ್ಲಿಗೆ ಹೋಯ್ತು. ಹನ್ನೊಂದು ಪೇಟೆಂಟು, ಹನ್ನೊಂದು ಮರದ ಫಲಕ, ಒಂದೊಂದರ ಮೇಲೂ ಹಿತ್ತಾಳೆ ತಗಡಿನಲ್ಲಿ ನಿನ್ನ ಸೋದರಮಾವನ ಹೆಸರು. ಈ ಬೀದಿಯಲ್ಲಿ ಬೇರೆ ಯಾರ ಮನೇಲಾದ್ರೂ ಒಂದೇ ಒಂದು ಇದ್ರೆ ತೋರಿಸು, ಮೀಸೆ ಬೋಳಿಸ್ತೀನಿ. ಮೀಸೆ ಎಲ್ಲಿದೆ ಅಂತೀಯಾ? ಬೆಳೆಸಿ ಬೋಳಿಸ್ತೀನಿ.

ಇಲ್ಲಿ ನಗ್ಬೇಕಾಗಿತ್ತು. ಸಣ್ಣವಳಿದ್ದಾಗ ಇದಕ್ಕಿಂತ ಹಳಸಿದ ಜೋಕಿಗೆ ಹೊಟ್ಟೆ ಹಿಡ್ಕೊಂಡು ಉರುಳಾಡ್ತಿದ್ದೆ.

ಸರಿ, ಕೂತ್ಕೋ. ಲಿಫ್ಟು ಕೆಟ್ಟು ಎರಡು ವಾರ ಆಯ್ತು, ಮೂರು ಮಹಡಿ ಹತ್ತಿ ಬಂದಿದ್ದೀಯ. ನೀರು? ಟೀ? ಬೇಡ್ವಾ. ಆ ಫೈಲನ್ನ ಹಾಗೆ ಎದೆಗೆ ಅವಚಿಕೊಂಡು ಕೂತ್ರೆ ಯಾರಿಗೋ ಆಪರೇಷನ್ ಇದೆ ಅನ್ನೋ ಹಾಗಿರುತ್ತೆ. ಕೊಡು ಇಲ್ಲಿ… ಕನ್ನಡಕ ಎಲ್ಲಿಟ್ಟೆ… ಹಾಂ, ತಲೆ ಮೇಲೇ ಇದೆ.

ಹೂಂ. ಫೋನಲ್ಲಿ ಹೇಳಿದ ನೋಟೀಸು ಇದೇ. 'ತಾವು ಗುಂಡುಸೂಜಿ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಹಂಚುತ್ತಿರುವ ಚಿಂದಿ ಎಂಬ ತಂತ್ರಾಂಶವು ನಮ್ಮ ಸಂಸ್ಥೆಯ ಪೇಟೆಂಟನ್ನು ಉಲ್ಲಂಘಿಸುತ್ತಿದ್ದು…' ನನ್ನ ಕಾಲದಲ್ಲೂ ಹೀಗೇ ಬರೀತಿದ್ರು. ವಕೀಲರ ಕೈಗೆ ಒಂದು ಲೋಟ ನೀರು ಕೊಟ್ರೆ ಅದನ್ನ ನಾಲ್ಕು ಪುಟ ಮಾಡಿ ವಾಪಸ್ ಕೊಡ್ತಾರೆ. ಕುಡಿಯೋಕೆ ಮಾತ್ರ ಬರಲ್ಲ.

ಗುಂಡುಸೂಜಿ… ಗುಟ್ಟಿನ ಹೆಸರು ಚೆನ್ನಾಗೇ ಇಟ್ಕೊಂಡಿದ್ದೀಯ. ಅಕ್ಕನ ತುಟೀಲಿ ಯಾವಾಗ್ಲೂ ನಾಲ್ಕು ಗುಂಡುಸೂಜಿ ಇರ್ತಿತ್ತು, ನಮ್ಮನ್ನ ಬೈಯೋದಾದ್ರೂ ಅವುಗಳ ಸಂದೀಲೇ ಬೈತಿದ್ಲು. ಮಣಿಕಟ್ಟು ಹೇಗಿದೆ ಅವಳಿಗೆ? ಇನ್ನೂ ಪಟ್ಟಿ ಕಟ್ಕೊಂಡೇ ಕತ್ತರಿ ಹಿಡೀತಾಳಾ? ಅಮ್ಮನ ಕೈ ನೋಯುತ್ತೆ, ತುಂಡುಗಳನ್ನ ಎತ್ತಿ ಇಟ್ಟು ಎತ್ತಿ ಇಟ್ಟು ಮಾಡೋಕಾಗಲ್ಲ ಅಂತ ತಾನೇ ನೀನು ಚಿಂದಿ ಬರೆದಿದ್ದು? ಬಟ್ಟೆ ಇಷ್ಟಿದೆ, ಅಂಗಿ ಅಳತೆ ಇಷ್ಟು ಅಂದ್ರೆ ಯಾವ ತುಂಡು ಎಲ್ಲಿ ಇಡ್ಬೇಕು ಅಂತ ಪರದೆ ಮೇಲೇ ತೋರಿಸುತ್ತೆ. ಅಕ್ಕನಿಗೆ ಅಂತ ಮಾಡಿದ್ದು ಸಾವಿರಾರು ದರ್ಜಿಗಳ ಮೇಜಿಗೆ ಹೋಯ್ತು.

ಇವರೇನಂತಾರೆ? ಮೂವತ್ತು ದಿನದೊಳಗೆ ಹಂಚೋದು ನಿಲ್ಲಿಸು, ಇಲ್ಲಾಂದ್ರೆ ಒಂದೊಂದು ಪ್ರತಿಗೂ ಇಷ್ಟಿಷ್ಟು ಅಂತ ಪರವಾನಗಿ ಶುಲ್ಕ ಕಟ್ಟು. ನಾಡಿದ್ದಿಗೆ ಮೂವತ್ತು ಮುಗೀತು, ಅಲ್ವಾ? ತಮಾಷೆ ಏನು ಅಂದ್ರೆ, ಪ್ರತಿ ಎಷ್ಟಿವೆ ಅಂತ ನಿನಗೇ ಗೊತ್ತಿಲ್ಲ. ನೀನು ಕೊಟ್ಟಿದ್ದೇ ಹಾಗೆ. ತಗೊಳ್ಳಿ, ಒಳಗೆ ಬರೆದಿರೋದನ್ನೂ ಬಿಚ್ಚಿ ನೋಡಿ, ಬೇಕಾದ ಹಾಗೆ ತಿದ್ಕೊಳ್ಳಿ, ಪಕ್ಕದವರಿಗೂ ಕೊಡಿ, ಅವರೂ ಹೀಗೇ ಇನ್ನೊಬ್ಬರಿಗೆ ಕೊಡಲಿ ಅಂದೆ. ಚಪ್ಪಲಿ ಹೊಲಿಯೋನೊಬ್ಬ ಅದನ್ನ ಚರ್ಮಕ್ಕೆ ತಿದ್ಕೊಂಡ. ತಗಡು ಕತ್ತರಿಸೋಳು ಯಾರೋ ತಗಡಿಗೆ. ನೀನು ಮುಖ ನೋಡದ ಜನ ನಿನಗೆ ಓದೋಕೂ ಬರದ ಲಿಪಿಗೆ ಹಾಕಿದ್ರು. ಈಗ ಬಂದು ತಲೆ ಎಣಿಸಿ ಕೊಡು ಅಂದ್ರೆ? ಊರೆಲ್ಲ ಹರಡಿದ ಸುದ್ದಿಗೆ ಟಿಕೆಟ್ ಹರಿಯೋಕಾಗುತ್ತಾ?

ಗೊತ್ತು, ಗೊತ್ತು. ನೀನು ಅವರದ್ದು ಒಂದು ಸಾಲೂ ಕದ್ದಿಲ್ಲ. ಅವರ ಪ್ರೋಗ್ರಾಮಿನ ಮುಖ ಕೂಡ ನೋಡಿಲ್ಲ. ಆದ್ರೆ ತಾಯಿ, ಪೇಟೆಂಟಿಗೆ ನೀನು ಕದೀಬೇಕು ಅಂತೇನೂ ಇಲ್ಲ. ಬೇರೆಯವರ ಕತೆ ಕದ್ರೆ ಕಳ್ಳತನ, ಅದು ಯಾರಿಗಾದ್ರೂ ಅರ್ಥ ಆಗುತ್ತೆ. ಇದು ಹಾಗಲ್ಲ. 'ಒಂದೂರಲ್ಲಿ ಒಬ್ಬ ರಾಜ ಇದ್ದ' ಅಂತ ಕತೆ ಶುರು ಮಾಡೋ ವಿಧಾನವೇ ನಮ್ಮದು ಅಂತ ಸುತ್ತ ಬೇಲಿ ಹಾಕ್ತಾರೆ. ನೀನು ನಿನ್ನ ಮನೇಲಿ, ನಿನ್ನ ತಲೆಯಿಂದಲೇ, ಬಾಗಿಲು ಹಾಕ್ಕೊಂಡು ಬರೆದ್ರೂ ಬೇಲಿ ದಾಟಿದ ಹಾಗೇ. ಬೇಲಿ ಕಣ್ಣಿಗೆ ಕಾಣಲ್ಲ ಅನ್ನೋದು ಬೇರೆ ಮಾತು.

ಇಷ್ಟು ಚೆನ್ನಾಗಿ ಹೇಗೆ ಗೊತ್ತು ಅಂದ್ರೆ… ಹಾಕಿದವನು ನಾನೇ ತಾನೇ. ಏಳನೇ ಫಲಕ. ಅಲ್ಲೇನು ನೋಡ್ತೀಯ, ಇಲ್ಲಿ ನೋಡು. ನಾನೇನು ಮುಚ್ಚಿಟ್ಟಿಲ್ಲ, ಮೊಳೆ ಹೊಡೆದು ಗೋಡೆಗೆ ಹಾಕಿದ್ದೀನಿ. ನೋಟೀಸಿನ ಎರಡನೇ ಪುಟದಲ್ಲೂ ಇರಬೇಕು… ಇದೆ. 'ಕಂಡುಹಿಡಿದವರು', ಮುಂದೆ ನನ್ನ ಹೆಸರು. ನೀನು ಪೆನ್ಸಿಲಲ್ಲಿ ಅಡಿಗೆರೆ ಎಳೆದಿದ್ದೀಯ. ತೆಳುವಾಗಿ, ಒಂದೇ ಗೆರೆ. ಅಕ್ಕ ಆಗಿದ್ರೆ ಹಾಳೆ ಹರಿಯೋ ಹಾಗೆ ಎಳೀತಿದ್ಲು.

ಈ ಇನ್ನೊಂದು ಹಾಳೆ ಏನು… ಹೇಳಿಕೆ. 'ಈ ಕೆಳಗೆ ಸಹಿ ಮಾಡಿರುವ ನಾನು… ಸದರಿ ವಿಧಾನವು ಪೇಟೆಂಟಿನ ಅರ್ಜಿಗೆ ಹದಿನೈದು ವರ್ಷ ಮುಂಚಿನಿಂದಲೂ ನನ್ನ ಅಕ್ಕನ ಹೊಲಿಗೆ ಅಂಗಡಿಯಲ್ಲಿ, ಗಿರಾಕಿಗಳ ಕಣ್ಣೆದುರೇ, ದಿನನಿತ್ಯ ಬಳಕೆಯಲ್ಲಿತ್ತೆಂದೂ, ನಾನು ಅದನ್ನು ಅಲ್ಲಿಯೇ ನೋಡಿ ಕಲಿತೆನೆಂದೂ…' ಯಾರು ಬರೆದಿದ್ದು? ನಿಮ್ಮ ಮುಕ್ತ ತಂತ್ರಾಂಶದ ಸಂಘದಲ್ಲಿ ಫೀಸಿಲ್ಲದೆ ವಾದಿಸೋ ವಕೀಲರಿದ್ದಾರಲ್ಲ, ಅವರಾ? ಒಳ್ಳೆ ಕೈ. ಮೊದಲೇ ಬಳಕೆಯಲ್ಲಿತ್ತು ಅಂತ ತೋರಿಸಿದ್ರೆ ಪೇಟೆಂಟು ಬಿದ್ದುಹೋಗುತ್ತೆ, ಅದು ನಿಜ. ಯಾವ ತುಂಡು ಎಲ್ಲಿ ಅಂತ ಅಕ್ಕ ಗೆರೆ ಎಳೆದು ತಾರೀಖು ಹಾಕಿದ ಕಂದು ಕಾಗದಗಳು ಇವೆಯಂತಲ್ಲ. ಬರೀ ಕಾಗದ ಆದ್ರೆ ನಿನ್ನೆ ಸಂಜೆ ಬರೆದದ್ದು ಅಂತಾರೆ. ಕಂಡುಹಿಡಿದವನೇ ಎದ್ದು ನಿಂತು, ಹೌದು ಸ್ವಾಮಿ, ನಾನು ಕದ್ದೆ ಅಂದ್ರೆ ಆಗ ಬಾಯಿ ಮುಚ್ಕೊಳ್ತಾರೆ.

ಇಲ್ಲ ಇಲ್ಲ, ಕದ್ದೆ ಅಂತ ಬರೆದಿಲ್ಲ. ನೋಡಿ ಕಲಿತೆ ಅಂತ ಬರೆದಿದ್ದಾರೆ. ಮರ್ಯಾದಸ್ಥರು.

ಸಹಿ ಮಾಡ್ತೀನೋ ಇಲ್ವೋ ಅಂತ ಹಾಗೆ ನೋಡ್ಬೇಡ. ತಡಿ. ಮೊದಲು ಈ ನೋಟೀಸು ಕಳಿಸಿದ, ನಾನು ದುಡಿದ ಆ ಆಫೀಸಿನ ಪದ್ಧತಿ ಏನು ಅಂತ ತಿಳ್ಕೋ, ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನು.

ಬಟ್ಟೆ ಕಾರ್ಖಾನೆಗಳಲ್ಲಿ ರಾಶಿ ರಾಶಿ ಕತ್ತರಿಸೋ ಯಂತ್ರ ಇರುತ್ತಲ್ಲ, ಅದಕ್ಕೆ ನಾವು ಪ್ರೋಗ್ರಾಮ್ ಬರೀತಿದ್ವಿ. ಅದು ಕೆಲಸ. ಕೆಲಸದ ಮೇಲೊಂದು ಕೆಲಸ ಏನಪ್ಪಾ ಅಂದ್ರೆ, ಮೂರು ತಿಂಗಳಿಗೊಂದು ಶುಕ್ರವಾರ, ಊಟದ ಹೊತ್ತಿನೊಳಗೆ, ಪ್ರತಿ ತಂಡವೂ ಎರಡು 'ಹೊಸ ಆಲೋಚನೆ' ಫಾರಂ ತುಂಬಿ ಕೊಡಬೇಕು. ಆಲೋಚನೆ ಬಂದಿದೆಯೋ ಇಲ್ವೋ ಅದು ನಿನ್ನ ಹಣೆಬರಹ. ಕೊಡದ ತಂಡದ ಹೆಸರನ್ನ ಕಾಫಿ ಯಂತ್ರದ ಮೇಲೆ ಅಂಟಿಸ್ತಿದ್ರು, ಕಾಫಿ ಕುಡಿಯೋರೆಲ್ಲ ಓದ್ಲಿ ಅಂತ. ನಮ್ಮ ತಂಡದ ಹೆಸರು ಒಂದು ಸಲವೂ ಅಂಟಲಿಲ್ಲ. ಯಾಕೆ? ನಾನಿದ್ನಲ್ಲ. ಗುರುವಾರ ಬಂತು ಅಂದ್ರೆ ಎಲ್ಲರೂ ನನ್ನ ಕುರ್ಚಿ ಸುತ್ತ, ಗುರುಗಳೇ ಏನಾದ್ರೂ ಕೊಡಿ ಅಂತ. ನಾನು ಕೊಡ್ತಿದ್ದೆ. ಬೆರಳು ಹತ್ತಿರ ಬಂದ್ರೆ ದೊಡ್ಡದಾಗೋ ಬಟನ್ನು, ಅದು ನಾಲ್ಕನೇ ಫಲಕ. ಯಂತ್ರ ನಿಂತುಹೋದಾಗ 'ಯಂತ್ರ ನಿಂತಿದೆ' ಅಂತ ಹೇಳೋ ವಿಧಾನ, ಒಂಬತ್ತನೇದು. ದೇವರಾಣೆ ಕಣೇ, ಸರ್ಕಾರದ ಮೊಹರು ಇದೆ ಅದಕ್ಕೆ. ನನ್ನ ಅಪ್ಪಣೆ ಇಲ್ಲದೆ ಇಡೀ ಜಗತ್ತಿನಲ್ಲಿ ಒಂದು ಯಂತ್ರ ಕೂಡ ನಿಂತಿದ್ದೀನಿ ಅಂತ ಬಾಯಿ ಬಿಡೋ ಹಾಗಿರಲಿಲ್ಲ.

ಇದಕ್ಕೂ ನಗಲ್ವಾ. ಬಿಡು.

ಇನ್ನೊಂದು ನಿಯಮ ಇತ್ತು. ಬೇರೆ ಕಂಪನಿಯವರ ಪೇಟೆಂಟುಗಳನ್ನ ಯಾರೂ ಓದಬಾರದು. ಓದಿ, ಆಮೇಲೆ ಬೇಲಿ ದಾಟಿದ್ರೆ ಗೊತ್ತಿದ್ದೂ ದಾಟಿದ ಹಾಗೆ, ದಂಡ ಜಾಸ್ತಿ. ಓದದೇ ದಾಟಿದ್ರೆ ಪಾಪ, ಅಮಾಯಕ. ಹೊಸ ತಿಳಿವಳಿಕೆಯನ್ನ ಜಗತ್ತಿಗೆ ಹಂಚೋದಕ್ಕೇ ಪೇಟೆಂಟು ಅಂತ ಮುಂಬಾಗಿಲ ಗೋಡೆ ಮೇಲೆ ಬರೆಸಿದ್ರು. ಒಳಗೆ, ಓದಬೇಡಿ ಅಂತ ಸುತ್ತೋಲೆ. ಗೊತ್ತಿಲ್ಲದಿರೋದಕ್ಕೆ ಸಂಬಳ ಕೊಡೋ ಆಫೀಸು, ಅದರಲ್ಲಿ ನಾನು ಹಿರಿಯ ತಜ್ಞ.

ಹೀಗಿರುವಾಗ ಒಂದು ಗುರುವಾರ ನನ್ನ ಬುಟ್ಟಿ ಖಾಲಿ. ಯಂತ್ರದಲ್ಲಿ ಬೇರೆ ಒಂದು ಕಾಟ ಇತ್ತು. ಅಂಗಿಯ ತುಂಡುಗಳನ್ನೆಲ್ಲ ಜೋಡಿಸ್ಕೊಂಡು ಬರುತ್ತೆ, ಬೆನ್ನು, ಎದೆ, ತೋಳು… ಕೊನೇದಾಗಿ ಕಾಲರು ಹಿಡಿಸಲಿಲ್ಲ ಅಂದ್ರೆ ಎಲ್ಲಾನೂ ಕೆಡವಿ ಮೊದಲಿಂದ ಶುರು. ನಲವತ್ತು ನಿಮಿಷ ಗಿರಗಿರ ತಿರುಗ್ತಾ ಕೂರ್ತಿತ್ತು. ಆ ಗುರುವಾರದ ಹಿಂದಿನ ಭಾನುವಾರ ನಾನು ಪ್ಯಾಂಟಿನ ಉದ್ದ ಕಡಿಮೆ ಮಾಡಿಸೋಕೆ ಅಂತ ಅಕ್ಕನ ಅಂಗಡಿಗೆ ಹೋಗಿದ್ದೆ. ನೀನೂ ಇದ್ದೆ, ಮೇಜಿನ ಕೆಳಗೆ ಚೂರುಬಟ್ಟೆ ಆರಿಸ್ತಾ. ಅಕ್ಕ ಯಾರದೋ ಅಂಗಿಗೆ ಬಟ್ಟೆ ಹಾಸಿದ್ಲು, ಬಟ್ಟೆ ಗೇಣಷ್ಟು ಕಮ್ಮಿ. ರಟ್ಟಿನ ತುಂಡುಗಳನ್ನ ಇಟ್ಕೊಂಡು ಬಂದ್ಲು, ಕಾಲರಿಗೆ ಜಾಗ ಇಲ್ಲ. ನಾನಾಗಿದ್ರೆ ಎಲ್ಲ ಕಿತ್ತು ಹಾಕ್ತಿದ್ದೆ. ಅವಳು ಕೊನೇ ಮೂರು ತುಂಡು ಮಾತ್ರ ಎತ್ತಿದ್ಲು. ಕೊನೇದನ್ನ ಮೊದಲು ಇಟ್ಟು, ಮೊದಲನೇದನ್ನ ಕೊನೆಗೆ ಇಟ್ಲು. ಕೂತ್ಕೊಂಡು ಬಿಡ್ತು. ಮೂರು ಉಸಿರಿನಷ್ಟು ಹೊತ್ತು, ಅಷ್ಟೇ.

ಏನಕ್ಕಾ ಇದು ಅಂದೆ. ಗುಂಡುಸೂಜಿ ಸಂದೀಲಿ ಹೇಳಿದ್ಲು, ಮೊದಲಿಟ್ಟವು ಗಟ್ಟಿಯಾಗಿ ಕೂತಿರ್ತಾವೆ ಕಣೋ, ಜಗಳ ಆಡೋದು ಕೊನೇವೇ, ಅವನ್ನೇ ಎತ್ತಿ ಉಲ್ಟಾ ಇಡು.

ಶುಕ್ರವಾರ ಬೆಳಿಗ್ಗೆ ಬರೆದೆ. ಈಗಲೂ ಬಾಯಿಪಾಠ ಇದೆ, ಕೇಳು. 'ಸ್ಥಾಪಿತ ಘಟಕಗಳ ಪೈಕಿ ಪೂರ್ವನಿರ್ಧರಿತ ಸಂಖ್ಯೆಯ ಅಂತಿಮ ಘಟಕಗಳನ್ನು ಹಿಂಪಡೆದು ವಿಲೋಮ ಕ್ರಮದಲ್ಲಿ ಮರುಸ್ಥಾಪಿಸುವ ಗಣಕಯಂತ್ರಾಧಾರಿತ ವಿಧಾನ ಹಾಗೂ ವ್ಯವಸ್ಥೆ.' ಅಕ್ಕನ ಒಂದು ಸಾಲನ್ನ ಹಿಗ್ಗಿಸಿ ಹಿಗ್ಗಿಸಿ ಹದಿನೆಂಟು ಪುಟ ಮಾಡಿದೆ. ಫಾರಂನ ಕೊನೇಲಿ ಒಂದು ಚೌಕ. ಈ ವಿಧಾನ ಮೊದಲೇ ಎಲ್ಲಾದರೂ ಬಳಕೆಯಲ್ಲಿತ್ತೇ? ನಾನು ಬರೆದೆ, ನನಗೆ ತಿಳಿದಂತೆ ಇಲ್ಲ.

ಹಾಗೆ ನೋಡ್ಬೇಡ ಅಂದೆನಲ್ಲ. ಕಂಪ್ಯೂಟರಿನಲ್ಲಿ ಇರಲಿಲ್ಲ, ಅಲ್ವಾ? ಸೀಮೆಸುಣ್ಣ ಹಿಡಿದು ಮಾಡೋದು ಯಾರು ಲೆಕ್ಕಕ್ಕೆ ತಗೋತಿದ್ರು… ನಾನೂ ತಗೋಬೇಕಿತ್ತು, ಸರಿ.

ಫಲಕ ಬಂದ ದಿನ ನೆಟ್ಟಗೆ ಅಕ್ಕನ ಅಂಗಡಿಗೇ ಒಯ್ದೆ ಗೊತ್ತಾ. ಕೈ ಒರೆಸ್ಕೊಂಡು ಮುಟ್ಟಿದ್ಲು. ಏನು ಬರೆದಿದೆಯೋ ಇದರಲ್ಲಿ ಅಂದ್ಲು. ಏನೋ ಕಂಪ್ಯೂಟರ್ ವಿಷಯ ಅಕ್ಕ, ನಿನಗೆ ತಿಳಿಯಲ್ಲ ಅಂದೆ. ಹಿತ್ತಾಳೆಗೆ ಧೂಳು ಕೂರಬಾರದು ಅಂತ ಅಲ್ಲೇ ಕೂತು, ಮಖಮಲ್ ಚೂರಿನಲ್ಲಿ ಒಂದು ಗವಸು ಹೊಲಿದು ಕೊಟ್ಲು.

ಇರಲಿ. ಈಗ ನನ್ನ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು. ಆಗ ಪ್ರಮಾಣ ಮಾಡಿ ಬರೆದುಕೊಟ್ಟವನು, ಈಗ ಇಲ್ಲ, ಸುಳ್ಳು ಅಂತ ಬರೆದುಕೊಟ್ರೆ? ಅವರು ನನ್ನ ಮೇಲೇ ತಿರುಗಿ ಬೀಳ್ತಾರೆ. ಅದು ಹೋಗಲಿ. ಒಂದು ಬಿತ್ತು ಅಂದ್ರೆ ಉಳಿದ ಹತ್ತನ್ನೂ ಜನ ಅಲ್ಲಾಡಿಸಿ ನೋಡ್ತಾರೆ. ಅಲ್ಲಾಡಿಸಿದ್ರೆ ನಿಲ್ಲೋದು ಒಂದೂ ಇಲ್ಲ ಮಗು, ನಿನ್ನ ಹತ್ರ ಹೇಳೋಕೇನು. ಮದುವೆ ಇಲ್ಲ, ಮಕ್ಕಳಿಲ್ಲ. ಬಂದವರಿಗೆ ತೋರಿಸೋಕೆ ಈ ಗೋಡೆ ಒಂದಿದೆ. ಅದನ್ನೂ ಬಿಚ್ಚಿಡು ಅಂತೀಯಲ್ಲ.

ಬೇರೆ ದಾರಿ ಇದೆ. ಬುದ್ಧಿವಂತೆ ನೀನು. ಚಿಂದಿಯಲ್ಲಿ ಆ ಮೂರು ತುಂಡಿನ ಜಾಗ ತಿದ್ದು. ಮೂರರ ಬದಲು ನಾಲ್ಕು ಎತ್ತಲಿ, ಇಲ್ಲ ಎರಡು… ಹೂಂ. ಇಲ್ಲ. ಆಗಲ್ಲ. 'ಪೂರ್ವನಿರ್ಧರಿತ ಸಂಖ್ಯೆ' ಅಂತ ಬರೆದವನು ನಾನೇ. ಎಷ್ಟು ಎತ್ತಿದ್ರೂ ಒಳಗೇ ಬರಲಿ ಅಂತ ಹಾಗೆ ಬರೆದಿದ್ದು. ಆವತ್ತು ವಕೀಲರು ನನ್ನ ಬೆನ್ನು ತಟ್ಟಿದ್ರು.

ಮತ್ತೆ ಆ ಹೆಜ್ಜೇನೇ ತೆಗೆದುಬಿಟ್ರೆ? ನಲವತ್ತು ನಿಮಿಷ ತಿರುಗುತ್ತೆ. ಆ ದರ್ಜಿಗಳ ಹಳೇ ಫೋನುಗಳಲ್ಲಿ ಅಷ್ಟು ಹೊತ್ತಿಗೆ ಬ್ಯಾಟರಿನೇ ಸತ್ತಿರುತ್ತೆ. ಅಕ್ಕ ವಾಪಸ್ ಕೈಯಲ್ಲೇ ಎತ್ತಿ ಇಡೋಕೆ ಶುರು ಮಾಡ್ತಾಳೆ. ಹೌದು… ಹೌದು, ಗೊತ್ತಾಯ್ತು.

ಅಲ್ಲ, ನನಗೊಂದು ಅರ್ಥ ಆಗಲ್ಲ. ಐದು ವರ್ಷದಿಂದ ಹಂಚ್ತಿದ್ದೀಯ, ಒಂದು ನಾಯಿ ಬೊಗಳಲಿಲ್ಲ. ಈಗ ಯಾಕೆ ಇದ್ದಕ್ಕಿದ್ದ ಹಾಗೆ ಇವರಿಗೆ ನಿದ್ದೆಯಿಂದ ಎಚ್ಚರ ಆಯ್ತೋ. ಎಲ್ಲೋ ಹುಡುಕಿರ್ತಾರೆ ಬಿಡು. ಇಂಥದ್ದಕ್ಕೇ ಅಂತ ಜನ ಇಟ್ಕೊಂಡಿರ್ತಾರೆ.

ಏನದು… ಲಕೋಟೆ? ನೋಟೀಸೇ ಓದಿ ಆಯ್ತಲ್ಲ, ಲಕೋಟೆ ಯಾಕೆ. ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದೀಯ… ನಿನ್ನ ಪೂರ್ತಿ ಹೆಸರು. ಕೇರಾಫ್ ಅಕ್ಕನ ಹೆಸರು. ಮನೆ ನಂಬರು ಹದಿನಾಲ್ಕು…

ಹದಿನಾಲ್ಕು.

ನಿಮ್ಮ ಬೀದಿಗೆ ಹೊಸ ನಂಬರು ಹಾಕಿ ಎಷ್ಟು ವರ್ಷ ಆಯ್ತು? ಒಂಬತ್ತಾ. ಈಗ ನಿಮ್ಮದು ಎಪ್ಪತ್ತೆರಡು, ಅಲ್ವಾ. ಬ್ಯಾಂಕಿನವರು, ಕರೆಂಟಿನವರು ಎಲ್ಲ ಎಪ್ಪತ್ತೆರಡು ಅಂತಲೇ… ಹಳೇ ಪಟ್ಟಿ ಎಲ್ಲಾದ್ರೂ ಸಿಕ್ಕಿರುತ್ತೆ ಅವರಿಗೆ. ಅಂಚೆಯವನಿಗೆ ಗುರುತು, ತಂದು ಕೊಟ್ಟ. ಅದರಲ್ಲೇನಿದೆ?

ನಾನಾ? ಹೌದು, ನಾನು ಹದಿನಾಲ್ಕು ಅಂತಲೇ ಬರೀತೀನಿ. ಕೈಗೆ ಅಭ್ಯಾಸ ಆಗಿಹೋಗಿದೆ. ನಿನ್ನ ಹುಟ್ಟುಹಬ್ಬದ ಕಾರ್ಡಿನ ಮೇಲೂ ಹಾಗೇ ಬರೆದು ಪ್ರತಿ ವರ್ಷ ಬೈಸಿಕೊಳ್ತೀನಿ. ಅದಕ್ಕೆ?

ಗುಂಡುಸೂಜಿ ಅಂದ್ರೆ ನೀನು ಅಂತ… ನಿನಗೆ ಗೊತ್ತು, ಅಕ್ಕನಿಗೆ ಗೊತ್ತು. ಹೂಂ. ಮೂರು ಜನಕ್ಕೆ ಗೊತ್ತು.

ಒಂದು ಕತೆ ಹೇಳ್ತೀನಿ, ಕೇಳು. ಆ ಕಂಪನಿಯಲ್ಲಿ ವರ್ಷಕ್ಕೊಂದು ಸಲ ಹಳೇ ನೌಕರರಿಗೆ ಊಟ ಹಾಕ್ತಾರೆ. ಎರಡು ತಿಂಗಳ ಕೆಳಗೆ ಹಾಕಿದ್ರು. ಕ್ಯಾಂಟೀನಿನಲ್ಲಿ ಉದ್ದನೆ ಮೇಜು, ಬಿಳೀ ಬಟ್ಟೆ. ಎಲ್ಲರೂ ಫೋನು ತೆಗೆದು ಮೊಮ್ಮಕ್ಕಳ ಫೋಟೋ ತೋರಿಸ್ತಾ ಕೂತಿದ್ರು. ಇದು ಮೊದಲನೇದು, ಇದು ಎರಡನೇದು ಅಂತ. ಅಲ್ಲೊಬ್ಬ ಮುದುಕ ಇದ್ದ. ಅವನಿಗೆ ತೋರಿಸೋಕೆ ಏನೂ ಇರಲಿಲ್ಲ. ಅವನೂ ಫೋನು ತೆಗೆದ. ನೋಡ್ರಯ್ಯಾ, ನಮ್ಮ ಯಂತ್ರ ನಲವತ್ತು ನಿಮಿಷ ತಿಣುಕಿದ್ದನ್ನ ಇದು ಆರು ಸೆಕೆಂಡಿಗೆ ಮಾಡುತ್ತೆ ಅಂದ. ಅದೇ ಕೊನೇ ಮೂರು ತುಂಡಿನ ಉಪಾಯ, ನಮಗಿಂತ ಚೆನ್ನಾಗಿ ಕಟ್ಟಿದ್ದಾಳೆ ಅಂದ. ಈ ಗುಂಡುಸೂಜಿ ಯಾರು ಗೊತ್ತಾ, ಅಂತ ಕೇಳಿ… ಹೇಳಿಬಿಟ್ಟ. ಮೇಜಿಗೆ ಮೇಜೇ ಅವನ ಕಡೆ ತಿರುಗಿ ನೋಡಿತು. ಅವನ ಹನ್ನೊಂದು… ಅವನು ಅಷ್ಟು ವರ್ಷ ದುಡಿದಾಗ್ಲೂ ಆ ಜನ ಅವನ ಕಡೆ ಹಾಗೆ ನೋಡಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಾನೂನು ವಿಭಾಗದ ಹುಡುಗಿ. ಎಷ್ಟು ಒಳ್ಳೆ ಕೆಲಸ ಸಾರ್, ನಮ್ಮ ಕಡೆಯಿಂದ ಒಂದು ಅಭಿನಂದನೆ ಪತ್ರ ಕಳಿಸೋಣ, ವಿಳಾಸ ಕೊಡಿ ಅಂದ್ಲು. ಕೈ ಒರೆಸೋ ಕಾಗದದ ಮೇಲೆ ಬರೆದುಕೊಟ್ಟ. ದಪ್ಪ ಅಕ್ಷರದಲ್ಲಿ, ತಪ್ಪಾಗಬಾರದು ಅಂತ.

ಆ ಮುದುಕ ಯಾರು ಅಂತ ಕೇಳಲ್ವಾ?

ಕೇಳು. ಕೇಳಿಬಿಡು. ನೀನು ಕೇಳಿದ್ರೆ ಸುಳ್ಳು ಹೇಳೋಕಾದ್ರೂ ನನಗೊಂದು ಜಾಗ ಸಿಗುತ್ತೆ…

ಬರುವಾಗಲೇ ಗೊತ್ತಿತ್ತು ನಿನಗೆ. ಮೂರು ಮಹಡಿ ಹತ್ತುವಾಗಲೇ. ನಾನು ಇಷ್ಟು ಹೊತ್ತು ಬಡಾಯಿ ಕೊಚ್ತಾ ಇದ್ದೆ, ನೀನು ಲಕೋಟೆ ಇಟ್ಕೊಂಡು ಕಾಯ್ತಾ ಇದ್ದೆ. ಬೈದಿದ್ರೆ ಸುಲಭ ಆಗ್ತಿತ್ತು. ಅಕ್ಕನಿಗೂ… ಹೂಂ, ಲಕೋಟೆ ಮೊದಲು ಬಂದಿದ್ದು ಅವಳ ಕೈಗೇ ಇರಬೇಕು. ಅವಳೇನಂದ್ಲು? ಬೇಡ, ಹೇಳ್ಬೇಡ.

ಹೆಮ್ಮೆ ಕಣೇ. ಅಷ್ಟೇ. ಅವತ್ತು ನನಗೆ ಬೇರೇನೂ ಇರಲಿಲ್ಲ ಮನಸ್ಸಲ್ಲಿ.

ತಾ ಆ ಹೇಳಿಕೇನ. ಪೆನ್ನು ನನ್ನ ಹತ್ರ ಇದೆ. ಇದರಿಂದ ನೀನು ಗೆಲ್ತೀಯ ಅಂತ ನನಗೇನೂ ನಂಬಿಕೆ ಇಲ್ಲ, ಅವರ ಹತ್ರ ಒಂದು ಮಹಡಿ ತುಂಬ ವಕೀಲರಿದ್ದಾರೆ. ಆದ್ರೂ… ಎಲ್ಲಿ, ಇಲ್ಲೇ ತಾನೇ? ಎರಡು ಪುಟಕ್ಕೂ? … ಆಯ್ತು.

ಇನ್ನೊಂದು ಹಾಳೆ ಇದೆಯಾ ಫೈಲಲ್ಲಿ, ಖಾಲೀದು? ಇದರಲ್ಲಿ ಬರೀ ಅಕ್ಕನ ಅಂಗಡಿ ವಿಷಯ ಇದೆ. ಊಟದ ವಿಷಯ ಇಲ್ಲ.